ವೆಂಡೆಲ್ ಕೊಟ್ಟ ಪಿಕಪ್

ಇಳಿಜಾರಿನಲ್ಲಿ ದನ ತುಂಬಿದ ಟ್ರೇಲರ್ ನನ್ನ ಹಳೆಯ ಪಿಕಪ್ಪನ್ನೇ ಮುಂದಕ್ಕೆ ನೂಕುತ್ತಿತ್ತು. ಅದಕ್ಕೇ ಬಲವಾದ ಗಾಡಿ ಬೇಕಾಗಿತ್ತು. ವಯೋಮಿಂಗ್‌ನ ನಮ್ಮ ಕಣಿವೆಯಲ್ಲಿ ಇಪ್ಪತ್ತು ವರ್ಷದಿಂದ ಗೆಳೆಯನಾಗಿದ್ದ ವೆಂಡೆಲ್ ತನ್ನದನ್ನೇ ಕೊಟ್ಟ. "ಹಿಂದೆ ಜೋಡಿ ಚಕ್ರ ಕಣೋ ಹಾರ್ಲನ್, ಬೆಟ್ಟ ಕಟ್ಟಿದ್ರೂ ಎಳೆಯುತ್ತೆ," ಎಂದು ನಕ್ಕ.

ಮರುದಿನ ಮಧ್ಯಾಹ್ನ ಟ್ರೇಲರ್ ಕಟ್ಟದೆ ಖಾಲಿ ಗಾಡಿಯಲ್ಲಿ ಘಾಟಿ ಹತ್ತಿದೆ. ಅರ್ಧ ದಾರಿಯಲ್ಲಿ ಗಾಡಿಯ ಹಿಂಭಾಗ ಕುಸಿಯಿತು, ಎಂಜಿನ್ ಏದುಸಿರು ಬಿಡತೊಡಗಿತು. ಕನ್ನಡಿಯಲ್ಲಿ ಬರಿಯ ರಸ್ತೆ ಕಾಣುತ್ತಿತ್ತು. ಆದರೆ ತಗಡಿನ ಮೇಲೆ ಗೊರಸುಗಳು ಜಾರುವ ಸದ್ದು ಬೆನ್ನ ಹಿಂದೆಯೇ ಕೇಳುತ್ತಿತ್ತು. ಕಿಟಕಿ ಮುಚ್ಚಿದ್ದರೂ ಹಸಿ ಸಗಣಿಯ ವಾಸನೆ ಬಂತು. ಘಾಟಿಯ ಮೇಲೆ ಗಾಡಿ ನಿಲ್ಲಿಸಿ, ಹಿಂದೆ ಟ್ರೇಲರ್ ಸಿಕ್ಕಿಸುವ ಕಬ್ಬಿಣದ ಗುಂಡನ್ನು ಮುಟ್ಟಿದೆ. ಜನವರಿಯ ಹಿಮದಲ್ಲೂ ಅದು ಕೈ ಸುಟ್ಟಿತು.

ಸೀದಾ ಮೇವಿನಂಗಡಿಯ ವೇಬ್ರಿಡ್ಜ್‌ಗೆ ಹೋದೆ. ಅಲ್ಲಿ ಕೆಲಸ ಮಾಡುವ ಓಪಲ್ ತೂಕದ ಚೀಟಿ ನೋಡಿ, "ಖಾಲಿ ಗಾಡಿ ಅಂದ್ಯಲ್ಲೋ? ಆರು ಟನ್ ಜಾಸ್ತಿ ತೋರಿಸ್ತಿದೆ," ಎಂದಳು.

ವೆಂಡೆಲ್‌ಗೆ ಫೋನ್ ಮಾಡಿದೆ. ನಾನು ಬಾಯಿ ತೆರೆಯುವ ಮೊದಲೇ, "ಘಾಟಿ ಹತ್ತಿದ್ಯಾ?" ಎಂದ.

"ನಿಂಗೆ ಮೊದಲೇ ಗೊತ್ತಿತ್ತಾ?"

"ಮೂರು ವರ್ಷ ಅದನ್ನ ಎಳೆದು ಸಾಕಾಗಿತ್ತು ಕಣೋ. ನಿನ್ನ ಹಿಂದೆ ಬಂದ್ರೆ ನನ್ನನ್ನ ಬಿಡುತ್ತೆ ಅಂದ್ಕೊಂಡೆ."

ನನ್ನ ಮದುವೆಯಲ್ಲಿ ಪಕ್ಕದಲ್ಲೇ ನಿಂತಿದ್ದವನು ಅವನು. ಸಿಟ್ಟು ಬರಬೇಕಾದಲ್ಲಿ ಅಳು ಬಂತು.

ಸಂಜೆಯೊಳಗೆ ಗಾಡಿಯನ್ನು ಅವನ ಅಂಗಳದಲ್ಲಿ ಬಿಟ್ಟು, ಕೀಲಿಯನ್ನು ಮೆಟ್ಟಿಲ ಮೇಲೆ ಎಸೆದು, ಹೆಂಡತಿ ತಂದ ಪುಟ್ಟ ಕಾರು ಹತ್ತಿದೆ. ವೆಂಡೆಲ್ ಹೊರಗೆ ಬರಲಿಲ್ಲ. ಸಮತಟ್ಟಾದ ರಸ್ತೆಯಲ್ಲಿ ನನ್ನ ಹೆಂಡತಿ ಆಕ್ಸಿಲರೇಟರ್ ಒತ್ತುತ್ತಲೇ ಇದ್ದಳು, ಆದರೂ ಕಾರು ವೇಗ ಹಿಡಿಯಲಿಲ್ಲ.

"ಹಾರ್ಲನ್, ಹಿಂದೆ ಏನು ಕಟ್ಟಿದ್ದೀಯಾ?" ಎಂದಳು.

ಆ ಕಾರಿಗೆ ಟ್ರೇಲರ್ ಕಟ್ಟುವ ಕೊಕ್ಕೆಯೇ ಇಲ್ಲ.