ನೀರು ಕೊಡದ ಚಂದ್ರಿ

ಊರು ಬಿಟ್ಟು ಓಡಿಹೋದವನು ಮರಳುವುದಾದರೆ ಯಾರಿಗೂ ಕಾಣದ ಹಾಗೆ ಬರಬೇಕು. ಯತ್ತಪ್ಪನ ಗ್ರಹಚಾರ, ಅವನು ಸಿನಿಮಾದವರ ವ್ಯಾನಿನಿಂದ ಇಳಿದ. ನೋಡಲು ಇಡೀ ಹಟ್ಟಿಯೇ ನೆರೆದಿತ್ತು. ಎಪ್ಪತ್ತೈದನೇ ಇಸವಿಯ ಸುಮಾರಿನ ಮಾತು. ಮದ್ರಾಸಿನಲ್ಲಿ ಲೈಟಿನ ಕೆಲಸ ಮಾಡುತ್ತಿದ್ದ ಅವನಿಗೆ, ತುರುವನೂರಿನ ಹತ್ತಿರ ಯಾವುದೋ ಹಳೇ ಮನೆಯಲ್ಲಿ ಶೂಟಿಂಗ್ ಎಂದಷ್ಟೇ ಹೇಳಿದ್ದರು. ಅದು ಸೋದರಮಾವ ಉಗ್ರಪ್ಪನ ಮನೆ, ತಬ್ಬಲಿಯಾದ ತಾನು ಬೆಳೆದ ಮನೆ ಎಂದು ಗೊತ್ತಾದದ್ದು ವ್ಯಾನು ಹಟ್ಟಿಯ ಕಡೆ ತಿರುಗಿದಾಗ. ಅಷ್ಟರಲ್ಲಿ ಇಳಿದು ಓಡುವ ಹಾಗೂ ಇರಲಿಲ್ಲ.

ಹಿಂದೆ ಮಾವ ತನ್ನ ಮಗಳು ಚಂದ್ರಕ್ಕನನ್ನು ಅವನಿಗೆ ಕೊಡುವ ಮಾತೆತ್ತಿದ್ದ. ಅನ್ನ ಹಾಕಿದ್ದು ಸಾಲದೆಂದು ಮಗಳನ್ನೂ ಕೊಡುತ್ತಿದ್ದಾರೆ, ಪಾಪ, ಬೇಡವೆನ್ನಲು ಅವಳಿಗೆ ಬಾಯಿಲ್ಲ ಎಂದುಕೊಂಡು ಯತ್ತಪ್ಪ ಬಸ್ಸು ಹತ್ತಿಬಿಟ್ಟಿದ್ದ. ಒಳ್ಳೆಯವನೇ, ಬುದ್ಧಿ ಸ್ವಲ್ಪ ಕಡಿಮೆ.

ಚಂದ್ರಕ್ಕ ಹೊರಗೆ ಬಂದಳು. "ಬರ್ರಿ, ಕುಂತ್ಕಳ್ರಿ" ಎನ್ನುತ್ತ ಜಗುಲಿಯ ಮೇಲೆ ಎಲ್ಲರಿಗೂ ಚೊಂಬಿನಲ್ಲಿ ನೀರು ಕೊಟ್ಟಳು. ನಿರ್ದೇಶಕರಿಗೆ, ನಾಯಕನಿಗೆ, ಅಡುಗೆಯ ದಾಸಣ್ಣನಿಗೂ ಕೊಟ್ಟಳು. ಯತ್ತಪ್ಪನ ಮುಂದೆ ಬಂದಾಗ ಒಮ್ಮೆ ಕಣ್ಣೆತ್ತಿ ನೋಡಿ, ಸೆರಗು ಸರಿಮಾಡಿಕೊಂಡು ಒಳಗೆ ಹೋದಳು.

ಅವನೊಬ್ಬನಿಗೇ ನೀರು ಸಿಗಲಿಲ್ಲ. ಹಗೆಯವನಿಗೂ ನೀರು ಕೊಡುವ ಮನೆ ಅದು. ಅವಳ ಕಾಲಲ್ಲಿ ಕಾಲುಂಗುರ ಇಲ್ಲದ್ದನ್ನು ನೋಡಿ ಹುಟ್ಟಿದ್ದ ಆಸೆ ಅಲ್ಲೇ ಉಡುಗಿತು.

ಶೂಟಿಂಗ್ ಶುರುವಾಯಿತು. ಬಹಳ ಕಾಲದ ಮೇಲೆ ಹಳ್ಳಿಯ ಮನೆಗೆ ಬಂದ ಒಬ್ಬನ ಮನಸ್ಸಿನ ತೊಳಲಾಟವೇ ಆ ಸಿನಿಮಾ. ನಾಯಕನಿಗೆ ಗೋಡೆಗಳೂ ಬೈದಂತೆ ಕೇಳುತ್ತದೆ, ಹೊಸ್ತಿಲು ದಾಟಲು ಹೆದರುತ್ತಾನೆ. ಅವನ ಮುಖಕ್ಕೆ ಬಿಸಿಲು ಬೀಳಿಸಲು ಯತ್ತಪ್ಪ ಬೆಳ್ಳಿ ಕಾಗದದ ಹಲಗೆ ಹಿಡಿದಿದ್ದ. ಬೆಳಕು ಮಾತ್ರ ಕಿಟಕಿಯ ಹಿಂದೆ ನಿಂತ ಚಂದ್ರಕ್ಕನ ಕೆನ್ನೆಗೇ ಹೋಗುತ್ತಿತ್ತು. ಅವಳು ಕಣ್ಣು ಕಿರಿದು ಮಾಡಿ, ತುಟಿ ಕಚ್ಚಿ ನಗು ತಡೆದಳು.

"ಯತ್ತಪ್ಪಾ, ಹೀರೋ ಈ ಕಡೆ ಇದಾರೆ!" ಕ್ಯಾಮೆರಾದವರು ರೇಗಿದರು.

ಊಟದ ಬಿಡುವಿನಲ್ಲಿ ಅವನು ಧೈರ್ಯಮಾಡಿ ಬಾಗಿಲ ಬಳಿ ನಿಂತ.

"ಚಂದ್ರಿ, ನಂಗೊಂದು ಚೊಂಬು ನೀರು ಕೊಡಾಕೂ ಮನಸ್ಸು ಬರ್ಲಿಲ್ವಾ?"

"ನೆಂಟ್ರಿಗೆ ಕೊಟ್ಟೆ. ಮನೆಯವರಿಗೆ ಯಾರಾದ್ರೂ ಜಗುಲಿ ಮ್ಯಾಲೆ ನೀರು ಕೊಡ್ತಾರಾ ಬಾವ? ಹಂಡೆ ಇದ್ದಲ್ಲೇ ಐತೆ. ಬಂದು ತಗಂಬಾರದಾ?"

ಅಬ್ಬಾ! ಎದೆಯ ಮೇಲಿನ ಭಾರವೆಲ್ಲ ಇಳಿದುಹೋಯಿತು. ಯತ್ತಪ್ಪ ಹಿತ್ತಲಿಗೆ ನಡೆದು, ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಮುಖ ತೊಳೆದ. ಕಣ್ಣೀರು ಅವಳಿಗೆ ಕಾಣಬಾರದಿತ್ತು. ಅವಳು ಟವೆಲ್ಲು ಹಿಡಿದು ಹಿಂದೆಯೇ ಬಂದಿದ್ದಳು.

"ಮಾವಂಗೆ ಸಿಟ್ಟಿಲ್ವಾ?"

"ಐತೆ. ಸಂಜೆ ಕುರಿ ಹೊಡ್ಕಂಡು ಬಂದ್ಮೇಲೆ ಬೈತಾನೆ, ಬೈಸ್ಕ. ಉಂಡ್ಮೇಲೆ ಸರಿಹೋಗ್ತಾನೆ."

"ನಿಂಗೆ ಇಷ್ಟ ಇಲ್ಲ ಅಂದ್ಕಂಡು ಹೋದೆ ಕಣೇ."

"ನನ್ನ ಕೇಳಿದ್ಯಾ?"

ಇಲ್ಲ. ಚಿತ್ರದುರ್ಗದ ಬಸ್ಸು ಎಷ್ಟೊತ್ತಿಗೆ ಎಂದು ಕೇಳಿದ್ದ, ಅವಳನ್ನು ಕೇಳಿರಲಿಲ್ಲ.

"ಮತ್ತೆ, ನಂಗೋಸ್ಕರ ಕಾದ್ಯಾ?"

"ಬಂದ ಗಂಡುಗಳಿಗೆಲ್ಲ ಒಲ್ಲೆ ಅಂದೆ. ಅದನ್ನ ಕಾಯೋದು ಅಂತ ನೀನು ಅಂದ್ಕಂಡ್ರೆ ಅಂದ್ಕ."

ಹೊರಗಿನಿಂದ ಯಾರೋ ಅವನ ಹೆಸರು ಹಿಡಿದು ಕೂಗಿದರು. ಯತ್ತಪ್ಪ ಈ ಸಲ ಕದಲಲಿಲ್ಲ.

"ಈಗ ಕೇಳ್ತೀನಿ ಚಂದ್ರಿ. ನನ್ನ ಮದ್ವೆ ಆಗ್ತೀಯಾ?"

ಅವಳು ಟವೆಲ್ಲಿನ ಅಂಚನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು.

"ಇನ್ನೊಂದ್ಸಲ ಕೇಳು."

"ಯಾಕೆ, ಕೇಳಿಸ್ಲಿಲ್ವಾ?"

"ಕೇಳಿಸ್ತು. ಅದಕ್ಕೇ."