ಮೂರನೆಯ ಕೂಗು

“ಯಾವ ಹೆಂಡ್ತಿ ಗಂಡನ ಹೆಸರು ಹಿಡಿದು ಕರೀತಾಳ? ನಾಟಕ ಬರಿಯಾಕ ಬರದಿದ್ರ ಬಿಟ್ಟುಬಿಡು ಗದ್ದೆಪ್ಪ.”

ಅಮರಮ್ಮ ಹಾಳೆಗಳನ್ನು ಹೊಲಿಗೆ ಮಷೀನಿನ ಮೇಲೆ ಎಸೆದಳು. ತಂಡದ ಯಜಮಾನ, ಲಿಂಗಸುಗೂರಿನ ಇಸ್ಮಾಯಿಲ್‌ಸಾಬರ ಟೇಲರ್ ಅಂಗಡಿಯ ಹಿಂದಿನ ಕೋಣೆಯೇ ಅವರ ತಾಲೀಮಿನ ಜಾಗ. ಸಾಕ್ಷರತಾ ಜಾಥಾದಲ್ಲಿ ಬೀದಿನಾಟಕ ಆಡಿದ ಐದಾರು ಜನ, ತೊಂಬತ್ತಮೂರರಲ್ಲಿ ಜಾಥಾ ಮುಗಿದ ಮೇಲೂ ಸುಮ್ಮನೆ ಕೂಡಲಾರದೆ, ಸಣ್ಣ ರಂಗಮಂಚಕ್ಕೆ ಒಂದು ದೆವ್ವದ ಕಥೆ ತರಲು ಹೊರಟಿದ್ದರು.

ಗುರುಗುಂಟಾದ ಇಂಗ್ಲಿಷ್ ಮಾಸ್ತರ ಗದ್ದೆಪ್ಪ ಆರಿಸಿದ್ದು ಹಳೆಯ ಇಂಗ್ಲಿಷ್ ಕಥೆ. ಸತ್ತ ಹೆಂಡತಿ ಹೊರಗೆ ನಿಂತು ಕರೆಯುತ್ತಾಳೆ, ಗಂಡ ಬಾಗಿಲು ತೆರೆಯುತ್ತಾನೆ. ಆದರೆ ನಮ್ಮ ಸೀಮೆಯಲ್ಲಿ ಮೊದಲ ಕೂಗಿಗೇ ಬಾಗಿಲು ತೆರೆಯುವ ದಡ್ಡ ಯಾರಿದ್ದಾನೆ? ದೆವ್ವಕ್ಕೆ ಎರಡೇ ಸಲ ಕೂಗಲು ಬರುವುದೆಂದು ಮೂರನೆಯ ಕೂಗಿಗೇ ಓಗೊಡುವ ಜನ ನಾವು. ಹಾಗಾಗಿ ಅವನು ಮೂರು ಕೂಗು ಬರೆದ. ಮೂರನೆಯದೂ ಬಂತು, ಮನುಷ್ಯರೇ ಇರಬೇಕೆಂದು ಗಂಡ ಬಾಗಿಲು ತೆರೆದರೆ ಎದುರಿಗೆ ಸತ್ತವಳು. ಬೀದಿನಾಟಕದ ರೂಢಿಯಂತೆ ಎಲ್ಲರಿಗೂ ಸ್ವಂತ ಹೆಸರೇ. ಗಂಡ ಗದ್ದೆಪ್ಪ, ಹೆಂಡತಿ ಅಮರಮ್ಮ.

ಗದ್ದೆಪ್ಪ ಹಾಳೆ ಆರಿಸಿಕೊಂಡು, ಕನ್ನಡಕದ ಮೇಲಿಂದ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದ.

“ಬದುಕಿದ್ದಾಗ ಒಮ್ಮೆನೂ ಹೆಸರು ಹಿಡೀಲಿಲ್ಲ. ಸತ್ತ ಮ್ಯಾಲ ಹಿಡೀತಾಳ. ಹೆದರಿಕಿ ಇರೋದ ಅಲ್ಲಿ.”

ಮಾತು ಸರಿಯಾಗಿತ್ತು, ಅದಕ್ಕೇ ಅವಳ ಮೈ ಉರಿಯಿತು. ತಹಸೀಲ್ ಕಚೇರಿಯ ಟೈಪಿಸ್ಟ್ ಅವಳು, ಇವನ ಆಳಲ್ಲ. ಹಟಕ್ಕೆ ಬಿದ್ದು, ಸಾಲ ವಸೂಲಿಗೆ ಬಂದವಳಂತೆ “ಗದ್ದೆಪ್ಪ” ಎಂದು ಕೂಗಿದಳು. ಕೋಣೆಯೆಲ್ಲ ನಕ್ಕಿತು. ಅವನು ಮಾತ್ರ ನಗದೆ, ಒಂದು ವಾರ ನೋಡುವುದಾಗಿಯೂ, ಆಗದಿದ್ದರೆ ಸಿಂಧನೂರಿನಿಂದ ಕಂಪನಿ ನಾಟಕದ ನಟಿಯನ್ನು ಕರೆಸುವುದಾಗಿಯೂ ಹೇಳಿದ.

ಅಯ್ಯೋ, ಆ ವಾರ! ಮನೆಯಲ್ಲಿ ನಾಟಕದ ಹುಚ್ಚಿಗೆ ಅಣ್ಣನ ಬೈಗುಳ, ಇಲ್ಲಿ ಇವನ ತಕರಾರು. ಉಸಿರು ಎಳೆದದ್ದು ತಪ್ಪು, ಬಿಟ್ಟದ್ದು ತಪ್ಪು. ಅವಳೂ ಬಿಡಲಿಲ್ಲ, ಅವನ ನಡಿಗೆ, ಕನ್ನಡಕ, ಎಣ್ಣೆ ಹಚ್ಚಿದ ಕ್ರಾಪು, ಒಂದನ್ನೂ ಬಿಡದೆ ಆಡಿಕೊಂಡಳು. ಆದರೆ ಮನೆಗೆ ಹೋಗುವಾಗ ಎದೆ ಭಾರವಾಗುತ್ತಿತ್ತು. ಪಾತ್ರ ಹೋದರೆ ಹೋಗಲಿ, ಈ ಮನುಷ್ಯನೊಡನೆ ದಿನಾ ಸಂಜೆ ಜಗಳಾಡುವ ನೆಪವೂ ಹೋಗುತ್ತದಲ್ಲ! ತನಗೆ ಬೇಕಾದದ್ದು ಪಾತ್ರವಲ್ಲ, ಅವನೇ ಎಂದು ತಿಳಿದಾಗ ಅವಳಿಗೆ ತನ್ನ ಮೇಲೇ ಸಿಟ್ಟು ಬಂತು.

ಏಳನೆಯ ದಿನ ಅದೇ ಸಿಟ್ಟಿನಲ್ಲಿ ಬಾಗಿಲ ಹಿಂದೆ ನಿಂತು ಕರೆದಳು. ದನಿ ಯಾಕೋ ಮೆತ್ತಗಾಗಿತ್ತು. ಒಳಗೆ ಗದ್ದೆಪ್ಪ ಮುಂದಿನ ಮಾತು ಮರೆತು, ಹಾಳೆ ತಲೆಕೆಳಗಾಗಿ ಹಿಡಿದು ಹುಡುಕಿದ. ನಡೆಯುತ್ತದೆ ಬಿಡು, ಎಂದಷ್ಟೇ ಗೊಣಗಿದ. ನಟಿಯ ಸುದ್ದಿ ಮತ್ತೆ ಎತ್ತಲಿಲ್ಲ.

ಮಸ್ಕಿಯಲ್ಲಿ ಮೊದಲ ಪ್ರದರ್ಶನ. ಪುಟ್ಟ ಹಾಲ್ ತುಂಬಿತ್ತು. ಅಮರಮ್ಮ ತಗಡಿನ ಬಾಗಿಲ ಹಿಂದೆ ನಿಂತು ಮೊದಲ ಸಲ ಕರೆದಳು. ಜನ ಗಪ್ಪಾದರು. ಎರಡನೆಯ ಸಲ ಕರೆದಳು.

ಬಾಗಿಲು ದಡಾರನೆ ತೆರೆಯಿತು.

ಎದುರಿಗೆ ಗದ್ದೆಪ್ಪ ನಿಂತಿದ್ದ. ಹಾಲಿನಲ್ಲಿ ಸಿಳ್ಳೆ, ನಗು. ನಾಟಕದ ಕಥೆ ಅಲ್ಲಿಗೇ ಮುಗಿಯಿತು, ಪರದೆ ಎಳೆದರು.

ಪರದೆಯ ಹಿಂದೆ ಅಮರಮ್ಮ ಅವನ ಮೇಲೆ ಹರಿಹಾಯ್ದಳು. ವಾರವಿಡೀ ತನ್ನ ಜೀವ ತಿಂದವನು ತಾನೇ ಎಲ್ಲ ಹಾಳು ಮಾಡಿದನೆಂದಳು.

“ನೀ ಹಂಗ ಕರದ್ರ ಮೂರನೇದಕ್ಕ ಯಾರು ಕಾಯ್ತಾರ? ದೆವ್ವ ಆಗಿದ್ರೂ ಆಗ್ಲಿ, ನನಗ ನೀ ಬೇಕು.” ಇದನ್ನೂ ಅವನು ಸಿಟ್ಟಿನಲ್ಲೇ ಹೇಳಿದ.

ಅಷ್ಟರಲ್ಲಿ ಇಸ್ಮಾಯಿಲ್‌ಸಾಬರು ಕೆಂಡವಾಗಿ ಬಂದರು. ನಾಳೆ ಸಿಂಧನೂರಿನ ಪ್ರದರ್ಶನಕ್ಕೆ ಈ ಮಾಸ್ತರ ಬೇಡವೇ ಬೇಡ, ಗಂಡನ ಪಾತ್ರಕ್ಕೆ ಯಾರಾಗಬೇಕು, ಹೆಸರು ಹೇಳು, ಬೇರೆಯವನನ್ನು ಇವತ್ತೇ ತಯಾರು ಮಾಡುತ್ತೇನೆ ಎಂದು ಅವಳನ್ನು ಕೇಳಿದರು. ಎಲ್ಲರೂ ಅವಳತ್ತ ತಿರುಗಿದರು.

ಅಮರಮ್ಮ ಬಾಯಿ ತೆರೆದಳು. ಬೈಯಲು, ಹಂಗಿಸಲು ಸಾವಿರ ಸಲ ಹಿಡಿದ ಹೆಸರು, ನಾಲಿಗೆಯ ತುದಿಗೆ ಬಂದು ಅಲ್ಲೇ ನಿಂತಿತು. ಅವಳು ಸೆರಗನ್ನು ಹೆಗಲ ಮೇಲೆ ಎಳೆದುಕೊಂಡು ನೆಲ ನೋಡಿದಳು.

“ಇವರೇ ಮಾಡ್ಲಿ,” ಎಂದಳು. “ಮೂರನೇ ಸಲಕ್ಕ ಬಾಗಿಲ ತೆಗೀರಿ ಅಂತ ಹೇಳ್ರಿ ಇವರಿಗೆ.”