ಎಡಗೈ ಗ್ಲೌಸಿನ ಉಸಿರು

ನಮ್ಮ ಯಜಮಾನರು ಏಕಾಂತಯ್ಯ ಶೆಟ್ಟಿಕೆರೆಯಲ್ಲಿ ಲೈನ್‌ಮನ್ ಆಗಿದ್ದರು. ಬರಿಗೈಯಲ್ಲಿ ಒಂದು ಕಂಬವನ್ನೂ ಹತ್ತಿದವರಲ್ಲ. ಕರೆಂಟು ತಡೆಯುವ ಅವರ ರಬ್ಬರ್ ಗ್ಲೌಸನ್ನು ದಿನಾ ಬೆಳಿಗ್ಗೆ ಪರೀಕ್ಷಿಸುತ್ತಿದ್ದವಳು ನಾನು. ತೋಳಿನ ಕಡೆಯಿಂದ ಸುರುಳಿ ಸುತ್ತಿ, ಗಾಳಿಯನ್ನು ಬೆರಳುಗಳಿಗೆ ತಳ್ಳಿ, ಕೆನ್ನೆಗೆ ಹಿಡಿಯಬೇಕು. ಸೂಜಿಮೊನೆಯಷ್ಟು ತೂತಿದ್ದರೂ ಗಾಳಿ ತಾಗುತ್ತದೆ. "ನಮ್ಮನೇಲಿ ಇನ್‌ಸ್ಪೆಕ್ಟರು ಇವಳೇ ಕಣ್ರಪ್ಪಾ" ಎಂದು ಅವರು ಜೊತೆಯವರಿಗೆ ಹೇಳುವಾಗ ಒಳಗೊಳಗೇ ಬೀಗುತ್ತಿದ್ದೆ.

ಎಂಬತ್ತೊಂದರ ಬೇಸಿಗೆಯಲ್ಲಿ ಹೊಸ ಜೊತೆ ಗ್ಲೌಸು ಬಂತು. ಎಡಗೈಯ ಹೆಬ್ಬೆರಳಿನಿಂದ ಕೆನ್ನೆಗೆ ತಣ್ಣನೆ ಗಾಳಿ ತಾಗಿತು. ನೀರಿಗೆ ಅದ್ದಿದೆ, ಒಂದು ಗುಳ್ಳೆಯೂ ಏಳಲಿಲ್ಲ. ಗಾಳಿಯನ್ನೆಲ್ಲ ಹಿಂಡಿ ತೆಗೆದು ಮತ್ತೆ ಹಿಡಿದೆ. ಆಗಲೂ ಬಂತು, ಬಿಟ್ಟು ಬಿಟ್ಟು, ಮಲಗಿದವರ ಉಸಿರಿನ ಹಾಗೆ. ಸುಟ್ಟ ತೆಂಗಿನ ನಾರಿನ ವಾಸನೆ ಬೇರೆ.

"ಇದು ಬ್ಯಾಡ ಕಣ್ರೀ."

"ತೂತೇ ಇಲ್ವಲ್ಲೇ!"

"ನನ್ನ ಕೆನ್ನೆ ಸುಳ್ಳು ಹೇಳ್ತದಾ?"

ನಕ್ಕರು, ಆದರೆ ನನ್ನ ಮಾತು ಮೀರಲಿಲ್ಲ. ಅಂದು ಹಾಲ್ಕುರಿಕೆ ದಾರಿಯಲ್ಲಿ ಹೈಟೆನ್ಷನ್ ತಂತಿಗೆ ಸಿಕ್ಕಿಕೊಂಡಿದ್ದ ತೆಂಗಿನ ಗರಿ ತೆಗೆಯಬೇಕಿತ್ತು. ಲೈನು ಆಫಾಗಿದೆ ಎಂದು ಎಲ್ಲರೂ ಹೇಳಿದರೂ, ಬೇರೆ ಗ್ಲೌಸು ಬರಲೆಂದು ಅವರು ಕಂಬದ ಕೆಳಗೇ ಕಾದರು. ಅವರ ಕಣ್ಣೆದುರೇ ತಂತಿಗೆ ಕರೆಂಟು ಬಂದು ಆ ಗರಿ ಭಗ್ಗನೆ ಹೊತ್ತಿಕೊಂಡಿತು.

ಆಮೇಲೆ ಸುತ್ತಲಿನ ಲೈನ್‌ಮನ್‌ಗಳೆಲ್ಲ "ಅಕ್ಕಾ, ಒಸಿ ಕೆನ್ನೆಗಿಟ್ಟು ನೋಡಿ" ಎಂದು ಗ್ಲೌಸು ಹಿಡಿದು ನಮ್ಮ ಜಗಲಿಗೆ ಬರತೊಡಗಿದರು. ಆ ಎಡಗೈಯದನ್ನು ಮಾತ್ರ ಆಫೀಸಿನವರು ಪರೀಕ್ಷಿಸಿ, ದೋಷವೇ ಇಲ್ಲವೆಂದು ಹಿಂದಕ್ಕೆ ಕೊಟ್ಟರು. ನಡುಮನೆಯ ಮೊಳೆಗೆ ತೂಗುಹಾಕಿದ್ದೇನೆ. ಅದರ ಹೆಬ್ಬೆರಳಿನ ಪಕ್ಕದಲ್ಲಿ ಜೇಡ ಬಲೆ ಕಟ್ಟಿದೆ. ಬಾಗಿಲು ಕಿಟಕಿ ಮುಚ್ಚಿದ್ದರೂ ಆ ಬಲೆ ಬಿಟ್ಟು ಬಿಟ್ಟು ಅಲುಗುತ್ತದೆ.